ಸಾಲ ಕೊಟ್ಟವರ ಹೊಣೆ ಎಲ್ಲಿಂದ ಶುರು?

2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮುಖ್ಯಮಂತ್ರಿಗೆ ಅಂಚೆಯಲ್ಲಿ ಮಾಂಗಲ್ಯ ಕಳಿಸಿದರು. ಮೈಕ್ರೋಫೈನಾನ್ಸ್‌ನವರ ಕಾಟ ತಾಳಲಾರೆವು, ನಮ್ಮ ಮಾಂಗಲ್ಯ ಉಳಿಸಿಕೊಡಿ ಎಂಬುದು ಅವರ ಮೊರೆ. ಅದೇ ತಿಂಗಳು ಚಾಮರಾಜನಗರ, ಮೈಸೂರು ಜಿಲ್ಲೆಗಳ ಹಳ್ಳಿಗಳಿಂದ ಬೀಗ ಬಿದ್ದ ಮನೆಗಳ ಚಿತ್ರಗಳು ಬಂದವು. ಕಂತು ಕಟ್ಟಲಾಗದೆ ಊರು ಬಿಟ್ಟವರ ಮನೆಗಳವು. ಆತ್ಮಹತ್ಯೆಯ ಸುದ್ದಿಗಳೂ ಒಂದರ ಹಿಂದೊಂದು ಬಂದವು. ಇದು ಬರಗಾಲದ ವರ್ಷವಾಗಿರಲಿಲ್ಲ. ಆ ಹಿಂದಿನ ಮುಂಗಾರು ರಾಜ್ಯದ ಮಟ್ಟಿಗೆ ಚೆನ್ನಾಗಿಯೇ ಸುರಿದಿತ್ತು.

ಸರ್ಕಾರ ಅವಸರದಲ್ಲಿ ಒಂದು ಸುಗ್ರೀವಾಜ್ಞೆ ಸಿದ್ಧಪಡಿಸಿತು. ಕಿರು ಸಾಲ ಮತ್ತು ಸಣ್ಣ ಸಾಲಗಳ ವಸೂಲಿಯಲ್ಲಿ ಬಲವಂತದ ಕ್ರಮಗಳನ್ನು ತಡೆಯುವುದು ಅದರ ಉದ್ದೇಶ. ಮೂರು ಲಕ್ಷದೊಳಗಿನ ಸಾಲಕ್ಕೆ ಹತ್ತು ವರ್ಷ ಜೈಲು, ಐದು ಲಕ್ಷ ದಂಡ ವಿಪರೀತವಲ್ಲವೇ ಎಂದು ಕೇಳಿ ರಾಜ್ಯಪಾಲ ಥಾವರ್‌ಚಂದ್ ಗೆಹಲೋತ್ ಮೊದಲು ಅದನ್ನು ಹಿಂದಕ್ಕೆ ಕಳಿಸಿದರು. ಸರ್ಕಾರ ವಿವರಣೆ ಕೊಟ್ಟು ಮತ್ತೆ ಕಳಿಸಿದ ಮೇಲೆ, 2025ರ ಫೆಬ್ರವರಿ 12ರಂದು ಅದು ಜಾರಿಗೆ ಬಂತು. ಮಾರ್ಚ್‌ನಲ್ಲಿ ವಿಧಾನಮಂಡಲ ಅದನ್ನು ಮಸೂದೆಯಾಗಿ ಅಂಗೀಕರಿಸಿತು. ಈ ಕಾನೂನಿನ ಪ್ರಕಾರ ನೋಂದಣಿ, ಪರವಾನಗಿ ಇಲ್ಲದವರು ಬಡವರಿಗೆ ಕೊಟ್ಟ ಸಾಲ ಅಸಲು ಬಡ್ಡಿ ಸಮೇತ ತೀರಿದಂತೆಯೇ. ದೂರು ಬಂದರೆ ಪೊಲೀಸರು ಪ್ರಕರಣ ದಾಖಲಿಸಲು ನಿರಾಕರಿಸುವಂತಿಲ್ಲ. ಸಾಲಕ್ಕೆ ಒತ್ತೆ ಇಟ್ಟುಕೊಳ್ಳುವಂತಿಲ್ಲ. ಮೀಟರ್ ಬಡ್ಡಿಯವರ, ನೂರಕ್ಕೆ ಹತ್ತು ರೂಪಾಯಿ ತಿಂಗಳ ಬಡ್ಡಿ ಹಾಕುವ ಕೈಸಾಲದವರ ಎದೆ ನಡುಗಿಸಲು ಇಂಥದ್ದೊಂದು ಬೇಕಿತ್ತು. ನೂರಕ್ಕೆ ಹತ್ತು ಎಂದರೆ ವರ್ಷಕ್ಕೆ ಶೇ 120. ಲೇವಾದೇವಿದಾರರಿಗೆ 1961ರ ಕಾಯ್ದೆ, ವಿಪರೀತ ಬಡ್ಡಿ ತಡೆಯಲು 2004ರ ಕಾಯ್ದೆ ರಾಜ್ಯದಲ್ಲಿ ಮೊದಲೇ ಇದ್ದವು. ಠಾಣೆಯ ಮೆಟ್ಟಿಲು ಹತ್ತಿದ ಹೆಣ್ಣುಮಗಳಿಗೆ ಅವು ದಕ್ಕಿದ್ದು ಕಡಿಮೆ.

ಆದರೆ ಹೊಸ ಕಾನೂನು ಬಂದ ಮೇಲೆ ಹಳ್ಳಿಗಳಲ್ಲಿ ಒಂದು ತಪ್ಪು ಮಾತು ಹಬ್ಬಿತು: ಸಂಘದ ಸಾಲ ಎಲ್ಲ ಮನ್ನಾ ಆಯಿತಂತೆ. ಆಗಿಲ್ಲ. ರಿಸರ್ವ್ ಬ್ಯಾಂಕಿನಲ್ಲಿ (ಆರ್‌ಬಿಐ) ನೋಂದಣಿಯಾದ ಬ್ಯಾಂಕುಗಳ, ಬ್ಯಾಂಕೇತರ ಹಣಕಾಸು ಕಂಪನಿಗಳ (ಎನ್‌ಬಿಎಫ್‌ಸಿ) ಸಾಲ ಈ ಮನ್ನಾದಲ್ಲಿ ಬರುವುದಿಲ್ಲ. ಅಂಥವುಗಳ ಮೇಲೆ ರಾಜ್ಯದ ಹಿಡಿತ ಎಷ್ಟು ಸಡಿಲ ಎಂಬುದು 2022ರ ಮೇ ತಿಂಗಳಲ್ಲಿ ಸ್ಪಷ್ಟವಾಯಿತು. ಕೇರಳ ಮತ್ತು ಗುಜರಾತಿನ ಲೇವಾದೇವಿ ಕಾಯ್ದೆಗಳು ಆರ್‌ಬಿಐ ನಿಯಂತ್ರಣದಲ್ಲಿರುವ ಎನ್‌ಬಿಎಫ್‌ಸಿಗಳಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಆಗ ತೀರ್ಪು ಕೊಟ್ಟಿತು. ಅದರ ಜಾಡಿನಲ್ಲೇ 2023ರಲ್ಲಿ ತೆಲಂಗಾಣ ಹೈಕೋರ್ಟ್, 2010ರ ಆಂಧ್ರ ಮೈಕ್ರೋಫೈನಾನ್ಸ್ ಕಾನೂನನ್ನೂ ಅಂಥ ಕಂಪನಿಗಳಿಂದ ದೂರ ಇಟ್ಟಿತು.

ಆಂಧ್ರದ ಕತೆ ನಮಗೆ ಪಾಠವಾಗಬೇಕಿತ್ತು. 2010ರ ಅಕ್ಟೋಬರ್‌ನಲ್ಲಿ ಅಲ್ಲೂ ಆತ್ಮಹತ್ಯೆಗಳ ಬೆನ್ನಿಗೇ ಸುಗ್ರೀವಾಜ್ಞೆ ಬಂತು. ವಸೂಲಿ ಕುಸಿದುಬಿತ್ತು, ಕಂಪನಿಗಳು ಹೊಸ ಸಾಲ ನಿಲ್ಲಿಸಿದವು. ಆರ್‌ಬಿಐ ನೇಮಿಸಿದ ವೈ.ಎಚ್. ಮಾಲೇಗಾಂ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಬಡ್ಡಿಗೆ ಮಿತಿ, ಒಬ್ಬರಿಗೆ ಎಷ್ಟು ಕಂಪನಿ ಸಾಲ ಕೊಡಬಹುದೆಂಬ ಮಿತಿ ಬಂದವು. ನಮ್ಮಲ್ಲಿ ಅದಕ್ಕೂ ಒಂದು ವರ್ಷ ಮೊದಲೇ, 2009ರಲ್ಲಿ, ಕೋಲಾರದಲ್ಲಿ ರೇಷ್ಮೆ ಕೆಲಸ ನಂಬಿದ ಬಡಾವಣೆಗಳ ಹೆಂಗಸರು ಕಂತು ಕಟ್ಟುವುದನ್ನು ನಿಲ್ಲಿಸಿದ್ದರು. ಅಲ್ಲೂ ಕಂಡದ್ದು ಇದೇ: ಒಬ್ಬಳೇ ಹೆಂಗಸಿಗೆ ನಾಲ್ಕಾರು ಕಡೆಯ ಸಾಲ, ಒಂದನ್ನು ತೀರಿಸಲು ಇನ್ನೊಂದು. ಹದಿನೈದು ವರ್ಷ ಕಳೆದು ಮತ್ತೆ ಅದೇ ಜಾಗಕ್ಕೆ ಬಂದು ನಿಂತಿದ್ದೇವೆ ಎಂದರೆ ನಾವು ಪ್ರತಿಸಲ ಬಾಗಿಲು ತಟ್ಟುವ ವಸೂಲಿಗಾರನನ್ನೇ ನೋಡಿದೆವು, ಅದಕ್ಕೆ ವರ್ಷ ಮೊದಲು ಅದೇ ಬಾಗಿಲಿಗೆ ಸಾಲ ಹೊತ್ತು ತಂದವನನ್ನು ಕೇಳಲಿಲ್ಲ ಎಂದೇ ಅರ್ಥ. ಗ್ರಾಹಕ ರಕ್ಷಣೆ ಶುರುವಾಗಬೇಕಾದದ್ದು ಸಾಲ ಕೊಡುವ ದಿನ. ತೀರಿಸಲಾಗದಷ್ಟು ಸಾಲವನ್ನು ಗೊತ್ತಿದ್ದೂ ಕೊಟ್ಟವರು ಅದರ ನಷ್ಟದಲ್ಲಿ ಪಾಲು ಹೊರಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

ಒಂದು ಸಾಲದ ಕಾರ್ಡನ್ನು ಹತ್ತಿರದಿಂದ ನೋಡೋಣ. ಅಂಕಿ ನಾನು ಹಾಕಿಕೊಂಡದ್ದು, ಕಾರ್ಡು ಮಾತ್ರ ಎಲ್ಲ ಊರಿನದು. ಸಾಲ 50,000 ರೂಪಾಯಿ, ಅವಧಿ ಎರಡು ವರ್ಷ, ತಿಂಗಳಿಗೊಂದರಂತೆ 24 ಕಂತು. ‘ನೂರಕ್ಕೆ ಬರೀ ಒಂದು ರೂಪಾಯಿ ಬಡ್ಡಿ ಅಕ್ಕಾ’ ಎಂದು ಊರಿನ ಫೈನಾನ್ಸ್‌ನವನು ಹೇಳುತ್ತಾನೆ. ವರ್ಷಕ್ಕೆ ಶೇ 12, ಎರಡು ವರ್ಷಕ್ಕೆ 12,000. ಒಟ್ಟು 62,000, ತಿಂಗಳಿಗೆ 2,583. ಕೇಳಲು ಸೊಸೈಟಿ ಬಡ್ಡಿಯಷ್ಟೇ ಅನ್ನಿಸುತ್ತದೆ. ಆದರೆ ಐವತ್ತು ಸಾವಿರ ಅವಳ ಕೈಯಲ್ಲಿ ಎರಡು ವರ್ಷವೂ ಇರುವುದಿಲ್ಲ. ಮೊದಲ ತಿಂಗಳಿಂದಲೇ ಅಸಲು ಕರಗುತ್ತಾ ಹೋಗುತ್ತದೆ. ಒಂದು ವರ್ಷ ದಾಟುವ ಹೊತ್ತಿಗೆ ಹತ್ತಿರ ಹತ್ತಿರ ಅರ್ಧ ತೀರಿರುತ್ತದೆ. ಬಡ್ಡಿ ಮಾತ್ರ ಕೊನೆಯ ಕಂತಿನವರೆಗೂ ಪೂರ್ತಿ ಐವತ್ತು ಸಾವಿರದ ಮೇಲೆಯೇ ಬೀಳುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ನಿಜವಾದ ದರ ಶೇ 21.5ರ ಆಸುಪಾಸು. ಇನ್ನು ಕೈಗೆ ಬರುವ ಹಣ. ಪ್ರೊಸೆಸಿಂಗ್ ಚಾರ್ಜು ಶೇ 1.5, ಅದಕ್ಕೆ ಜಿಎಸ್‌ಟಿ, ಒಟ್ಟು 885 ರೂಪಾಯಿ. ವಿಮೆ ಎಂದು 1,500. ಎಣಿಸಿಕೊಂಡಾಗ ಕೈಯಲ್ಲಿರುವುದು 47,615. ಬಡ್ಡಿ ಮಾತ್ರ ಐವತ್ತು ಸಾವಿರಕ್ಕೆ. ಇವನ್ನೂ ಸೇರಿಸಿದರೆ ದರ ಶೇ 26 ದಾಟುತ್ತದೆ. ಹನ್ನೆರಡು ಎಂದು ಕೇಳಿದ್ದು ಇಪ್ಪತ್ತಾರಾಯಿತು, ಮತ್ತು ಈ ಲೆಕ್ಕದಲ್ಲಿ ಒಂದು ಕಂತೂ ತಪ್ಪಿಲ್ಲ.

ಇದನ್ನು ಬಯಲಿಗೆ ತರಲೆಂದೇ ಆರ್‌ಬಿಐ ಒಂದು ಹಾಳೆಯನ್ನು ಕಡ್ಡಾಯ ಮಾಡಿದೆ. 2022ರಲ್ಲಿ ಮೈಕ್ರೋಫೈನಾನ್ಸ್ ಸಾಲಗಳಿಗೆ, 2024ರ ಅಕ್ಟೋಬರ್ 1ರಿಂದ ತನ್ನ ನಿಯಂತ್ರಣದಲ್ಲಿರುವ ಎಲ್ಲರ ಚಿಲ್ಲರೆ ಸಾಲಗಳಿಗೆ. ಸಹಿ ಹಾಕುವ ಮೊದಲೇ ಸಾಲಗಾರರ ಕೈಗೆ ಬರಬೇಕಾದ ಆ ಹಾಳೆಯಲ್ಲಿ ಎಲ್ಲ ಖರ್ಚು ಸೇರಿಸಿದ ವಾರ್ಷಿಕ ದರ ಇರಬೇಕು. ವಿಮೆಯಂತೆ ಬೇರೆಯವರ ಪರವಾಗಿ ವಸೂಲಿ ಮಾಡುವ ಹಣವೂ ಆ ದರದೊಳಗೆ ಸೇರಬೇಕು. ಹಾಳೆಯಲ್ಲಿ ನಮೂದಾಗದ ಶುಲ್ಕವನ್ನು ಮೈಕ್ರೋಫೈನಾನ್ಸ್ ಸಾಲಗಾರರಿಂದ ಕೇಳುವಂತಿಲ್ಲ. ಅದು ಅವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ನಮ್ಮಲ್ಲಿ ಎಂದರೆ ಕನ್ನಡದಲ್ಲಿ. ಬ್ಯಾಂಕಿನ ಕೌಂಟರಿನಲ್ಲೋ ಮೊಬೈಲ್ ಅಂಗಡಿಯಲ್ಲೋ ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ‘ಆ ಹಾಳೆ ಕೊಡಿ’ ಎಂದು ಕೇಳುವ ಅಭ್ಯಾಸ ನಮಗೆ, ಓದಿದವರಿಗೂ, ಇನ್ನೂ ಬಂದಿಲ್ಲ.

2022ರ ಆ ನಿಯಮಗಳಲ್ಲಿ ಬಡ್ಡಿಯ ಮಿತಿಯನ್ನು ಆರ್‌ಬಿಐ ತೆಗೆದುಹಾಕಿತು. ಪೈಪೋಟಿಯಲ್ಲಿ ದರ ಇಳಿಯುತ್ತದೆ ಎಂಬುದು ನಿರೀಕ್ಷೆ. ಎಷ್ಟು ಇಳಿಯಿತು ಎನ್ನುವುದಕ್ಕೆ 2024ರ ಅಕ್ಟೋಬರ್ 17ರ ಆದೇಶವೇ ಸಾಕ್ಷಿ. ವಿಪರೀತ ಬಡ್ಡಿ ಹಾಕಿದ್ದು, ಸಾಲಗಾರರ ಆದಾಯ, ಇತರ ಕಂತುಗಳನ್ನು ಸರಿಯಾಗಿ ಪರಿಶೀಲಿಸದೆ ಸಾಲ ಕೊಟ್ಟದ್ದು ಇವೇ ಕಾರಣಗಳಿಗೆ ನಾಲ್ಕು ಎನ್‌ಬಿಎಫ್‌ಸಿಗಳು ಹೊಸ ಸಾಲ ಕೊಡದಂತೆ ಆರ್‌ಬಿಐ ಅಂದು ತಡೆ ಹಾಕಿತು. ಅವುಗಳಲ್ಲಿ ಎರಡು ಮೈಕ್ರೋಫೈನಾನ್ಸ್ ಕಂಪನಿಗಳು. ಹಾವೇರಿಯ ಮಾಂಗಲ್ಯಗಳು ಅಂಚೆಪೆಟ್ಟಿಗೆ ಸೇರುವುದಕ್ಕೆ ಮೂರು ತಿಂಗಳು ಮೊದಲಿನ ಮಾತಿದು.

ಬಡ್ಡಿಯ ಮಿತಿ ತೆಗೆದ ಅದೇ ನಿಯಮಗಳು ಇನ್ನೊಂದು ಮಿತಿಯನ್ನು ತಂದವು, ನನ್ನ ದೃಷ್ಟಿಯಲ್ಲಿ ಬಡ್ಡಿಗಿಂತ ದೊಡ್ಡದು. ವರ್ಷಕ್ಕೆ ಮೂರು ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಒತ್ತೆ ಇಲ್ಲದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್ ಸಾಲ. ಆ ಕುಟುಂಬ ತಿಂಗಳಿಗೆ ಕಟ್ಟಬೇಕಾದ ಎಲ್ಲ ಕಂತುಗಳು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಎಲ್ಲ ಕಂತು ಎಂದರೆ ಸಂಘದ್ದು ಮಾತ್ರವಲ್ಲ; ಬೈಕಿನ ಸಾಲ, ಮನೆ ಸಾಲ, ಒಡವೆ ಸಾಲ ಎಲ್ಲವೂ. ಗಂಡ ಗಾರೆ ಕೆಲಸ, ಹೆಂಡತಿ ಗಾರ್ಮೆಂಟ್ಸ್, ಮನೆಗೆ ತಿಂಗಳಿಗೆ 18,000 ಬರುತ್ತದೆ ಎಂದಿಟ್ಟುಕೊಳ್ಳಿ. ಅರ್ಧ ಎಂದರೆ 9,000. ಮೇಲೆ ನೋಡಿದಂಥ ಎರಡು ಕಾರ್ಡು ಇದ್ದರೆ 5,166, ಬೈಕಿಗೆ 2,800, ಒಟ್ಟು 7,966. ಅಲ್ಲಿಗೆ ಬಾಗಿಲು ಮುಚ್ಚಬೇಕು. ಮೂರನೆಯ ಕಾರ್ಡು ಸೇರಿದರೆ 10,549. ಆ ಮೂರನೆಯ ಸಾಲ ಕೊಟ್ಟವರು ನಿಯಮ ಮುರಿದಿದ್ದಾರೆ.

ಹಾಗಿದ್ದರೂ ಮೂರನೆಯದು, ನಾಲ್ಕನೆಯದು ಸಿಗುವುದು ಹೇಗೆ? ಆದಾಯ ಬರೆಯುವ ಕಾಲಂ ಇದೆಯಲ್ಲ, ಅದರಲ್ಲಿ. ಕೂಲಿಯವರ ಮನೆಯಲ್ಲಿ ಸಂಬಳದ ಚೀಟಿ ಇರುವುದಿಲ್ಲ. ಹಸು ಎಷ್ಟು, ಹಾಲು ಎಷ್ಟು, ಕೂಲಿ ಎಷ್ಟು ದಿನ ಎಂದು ಕೇಳಿ ಫೀಲ್ಡ್ ಆಫೀಸರ್ ಟ್ಯಾಬಿನಲ್ಲಿ ಅಂಕಿ ತುಂಬುತ್ತಾನೆ. ಸಾಲಕ್ಕೆ ಒಗ್ಗದಿದ್ದರೆ ಹಸು ಒಂದು ಹೆಚ್ಚಾಗುತ್ತದೆ. ಬಾಡಿಗೆ ಮನೆ ಸ್ವಂತ ಮನೆಯಾಗುತ್ತದೆ. ಅವನಿಗೆ ತಿಂಗಳಿಗೆ ಇಷ್ಟು ಸಾಲ ಹಂಚಲೇಬೇಕೆಂಬ ಟಾರ್ಗೆಟ್ ಇದೆ, ಸಾಲ ಕೇಳಿದವಳಿಗೆ ನಾಳೆ ಆಸ್ಪತ್ರೆಗೆ ಹಣ ಬೇಕಿದೆ. ಇಬ್ಬರಿಗೂ ಆ ಕ್ಷಣಕ್ಕೆ ಆ ಸುಳ್ಳು ಬೇಕು. ಹಾಗೆಂದು ಇಬ್ಬರ ತಪ್ಪೂ ಸಮ ಎನ್ನಲಾಗದು. ಆದಾಯ ಅಳೆಯುವ ಹೊಣೆಯನ್ನು ನಿಯಮ ಕಂಪನಿಯ ಮೇಲೆ ಹಾಕಿದೆ, ಅದಕ್ಕೆ ತನ್ನದೇ ನಿರ್ದೇಶಕ ಮಂಡಳಿ ಒಪ್ಪಿದ ವಿಧಾನ ಇರಬೇಕು ಎಂದಿದೆ. ಕ್ರೆಡಿಟ್ ಬ್ಯೂರೋದ ವರದಿಯಲ್ಲಿ ಅವಳ ಹಳೆಯ ಸಾಲಗಳೆಲ್ಲ ಕಾಣುತ್ತವೆ. ಅಳೆದು ಕೊಡುವುದು ಕಂಪನಿಯ ಕಸುಬು. ಬಡತನ ಅವಳ ಕಸುಬಲ್ಲ.

ಈ ಕಂಪನಿಗಳ ಒಕ್ಕೂಟವೇ ಈಚೆಗೆ ತನ್ನ ಸದಸ್ಯರಿಗೆ ಬೇಲಿ ಹಾಕಿಕೊಂಡಿದೆ: ಒಬ್ಬರಿಗೆ ಮೂರಕ್ಕಿಂತ ಹೆಚ್ಚು ಕಂಪನಿಗಳು ಸಾಲ ಕೊಡಬಾರದು, ಒಟ್ಟು ಎರಡು ಲಕ್ಷ ದಾಟಬಾರದು. ಒಳ್ಳೆಯದೇ. ಆದರೆ ಬೇಲಿ ದಾಟಿದವರಿಗೆ ಸಾಲಗಾರಳ ಎದುರು ಯಾವ ನಷ್ಟವೂ ಇಲ್ಲ. ಆರ್‌ಬಿಐ ಕಂಪನಿಗೆ ದಂಡ ಹಾಕಬಹುದು, ವಹಿವಾಟು ತಡೆಯಬಹುದು; ಅವಳ ಮೂರನೆಯ ಸಾಲ ಮಾತ್ರ ಬಡ್ಡಿ ಸಮೇತ ಹಾಗೆಯೇ ಉಳಿಯುತ್ತದೆ. ದಕ್ಷಿಣ ಆಫ್ರಿಕಾದ 2005ರ ರಾಷ್ಟ್ರೀಯ ಸಾಲ ಕಾಯ್ದೆ ಬೇರೆ ದಾರಿ ಹಿಡಿದಿದೆ. ಸಾಲಗಾರರ ಶಕ್ತಿ ಅಳೆಯದೆ ಕೊಟ್ಟ ಸಾಲವನ್ನು ಅದು ಬೇಜವಾಬ್ದಾರಿಯ ಸಾಲ ಎಂದು ಕರೆಯುತ್ತದೆ. ನ್ಯಾಯಾಲಯ ಅಂಥ ಸಾಲದ ಹೊಣೆಯನ್ನು ಪೂರ್ತಿಯೋ ಭಾಗಶಃವೋ ರದ್ದು ಮಾಡಬಹುದು, ಅಥವಾ ಕೆಲಕಾಲ ತಡೆಹಿಡಿಯಬಹುದು. ನಮ್ಮಲ್ಲೂ ಅರ್ಧ ಆದಾಯದ ಮಿತಿ ದಾಟಿ ಕೊಟ್ಟ ಸಾಲಕ್ಕೆ ಬಡ್ಡಿ ಕೇಳುವ ಹಕ್ಕು ಇಲ್ಲ ಎಂದಾಗಬೇಕು. ಆಗ ಟ್ಯಾಬಿನಲ್ಲಿ ಹಸು ಹೆಚ್ಚಿಸುವ ಮೊದಲು ಮೇಲಿನವರು ಕೆಳಗಿನವನನ್ನು ಕೇಳುತ್ತಾರೆ.

ಗುಂಪಿನ ಸಾಲದ ಮಾತಿಗೆ ಬರೋಣ. ಬಾಂಗ್ಲಾದೇಶದಲ್ಲಿ ಮುಹಮ್ಮದ್ ಯೂನಸ್ 1976ರಲ್ಲಿ ಜೋಬ್ರಾ ಹಳ್ಳಿಯಲ್ಲಿ ಆರಂಭಿಸಿದ ಪ್ರಯೋಗದಿಂದ ಬೆಳೆದು ಬಂದ ಕ್ರಮವಿದು. ಒತ್ತೆ ಇಡಲು ಏನೂ ಇಲ್ಲದ ಹೆಂಗಸರಿಗೆ ನೆರೆಯವರ ಮಾತೇ ಜಾಮೀನು. ಬ್ಯಾಂಕಿನ ಹೊಸಿಲು ತುಳಿಯದ ಎಷ್ಟೋ ತಾಯಂದಿರು ಇದರಿಂದ ಹಸು ಕೊಂಡರು, ಹೊಲಿಗೆ ಯಂತ್ರ ಕೊಂಡರು, ಊರ ಸಾಹುಕಾರನ ಬಡ್ಡಿಯಿಂದ ಪಾರಾದರು. ಅದನ್ನು ಅಲ್ಲಗಳೆಯುವವರು ಹಳ್ಳಿಯ ಸಾಹುಕಾರನನ್ನು ಕಂಡಿಲ್ಲ. ಆದರೆ ಜಾಮೀನು ಕೊಟ್ಟ ನೆರೆಯವಳೇ ನಿಧಾನಕ್ಕೆ ವಸೂಲಿಗಾರ್ತಿಯಾದಳು.

ಗುಂಪಿನವರು ಕಂತು ಕಟ್ಟಲು ಸೇರುವ ಸೆಂಟರ್ ಮೀಟಿಂಗ್ ಬೆಳಗಿನ ಹೊತ್ತು, ಯಾರದೋ ಮನೆಯ ಜಗಲಿಯಲ್ಲಿ. ಇಪ್ಪತ್ತು ಹೆಂಗಸರು ಕಾರ್ಡು ಹಿಡಿದು ಸಾಲಾಗಿ ಕೂತಿದ್ದಾರೆ. ಒಬ್ಬಳ ಬಳಿ 800 ರೂಪಾಯಿ ಕಡಿಮೆ. ಫೀಲ್ಡ್ ಆಫೀಸರ್ ಬೈಯುವುದಿಲ್ಲ. ಬ್ಯಾಗಿನ ಜಿಪ್ಪು ಎಳೆಯದೆ ಸುಮ್ಮನೆ ಕೂರುತ್ತಾನೆ. ‘ಪೂರ್ತಿ ಆಗೋವರೆಗೂ ಎದ್ದು ಹೋಗೋ ಹಾಗಿಲ್ಲ ಅಕ್ಕಾ’ ಎನ್ನುತ್ತಾನೆ. ಗಾರ್ಮೆಂಟ್ಸ್ ಗಾಡಿ ಹಾರ್ನ್ ಹೊಡೆಯುತ್ತದೆ. ಮನೆಯಲ್ಲಿ ಮಕ್ಕಳಿಗೆ ತಿಂಡಿ ಆಗಿಲ್ಲ. ಆಗ ಮಾತು ಶುರುವಾಗುವುದು ಹೆಂಗಸರ ನಡುವೆಯೇ: ಸೀರೆ ತಗೊಳಕ್ಕೆ ದುಡ್ಡಿತ್ತು, ಕಂತಿಗೆ ಇಲ್ವಾ? ನಿನ್ನಿಂದ ನಮಗ್ಯಾಕೆ ತಡ? ಕೊನೆಗೆ ಯಾರೋ ನಾಲ್ಕು ಜನ ಇನ್ನೂರು ಇನ್ನೂರು ಹಾಕುತ್ತಾರೆ. ಹಣ ಸಂದಾಯವಾಯಿತು, ವಸೂಲಿ ನೂರಕ್ಕೆ ನೂರು ಎಂದು ಕಂಪನಿಯ ವರದಿ ಹೇಳುತ್ತದೆ. ಆದರೆ ಮಾರನೆಯ ದಿನದಿಂದ ಅವಳು ಆ ಬೀದಿಯ ನಲ್ಲಿಗೆ ಹೋಗುವುದನ್ನು ಬಿಡುತ್ತಾಳೆ. ಮುಂದಿನ ಕಂತಿಗೆ ಆ 800ನ್ನೂ ಸೇರಿಸಿ ಹೊಂದಿಸಲು ಮೀಟರ್ ಬಡ್ಡಿಯವನ ಹತ್ತಿರ ಹೋಗುತ್ತಾಳೆ. ಊರು ಬಿಟ್ಟ ಕುಟುಂಬಗಳು ಓಡಿದ್ದು ಈ ನಾಚಿಕೆಯಿಂದಲೂ ಹೌದು. ಯಾರೂ ಕೈ ಎತ್ತಿಲ್ಲ, ಯಾರೂ ಬಾಯಿ ಕೆಟ್ಟದಾಗಿ ಆಡಿಲ್ಲ. ಹತ್ತು ವರ್ಷ ಜೈಲಿನ ಕಾನೂನು ಇಲ್ಲಿ ಯಾರನ್ನು ಹಿಡಿಯುತ್ತದೆ?

ಆ ಫೀಲ್ಡ್ ಆಫೀಸರ್ ಹುಡುಗನ ಬಗ್ಗೆಯೂ ಒಂದು ಮಾತು. ಬಹುಪಾಲು ಅವನೂ ಪಕ್ಕದ ತಾಲ್ಲೂಕಿನವನೇ, ಪಿಯುಸಿಯೋ ಡಿಗ್ರಿಯೋ ಮುಗಿಸಿದವನು, ವಸೂಲಿ ಕಡಿಮೆಯಾದರೆ ಸಂಜೆ ಬ್ರಾಂಚಿನಲ್ಲಿ ಬೈಗುಳ ತಿನ್ನುವವನು. ಜೈಲಿನ ಶಿಕ್ಷೆ ಮೊದಲು ತಲುಪುವುದು ಅವನನ್ನು. ಟಾರ್ಗೆಟ್ ಬರೆದವರು ಜಗಲಿಯ ಹತ್ತಿರ ಸುಳಿಯುವುದೇ ಇಲ್ಲ. ನೌಕರನ, ಏಜೆಂಟನ ನಡತೆಗೆ ಕಂಪನಿಯೇ ಹೊಣೆ ಎಂದು ಆರ್‌ಬಿಐ ನಿಯಮ ಹೇಳಿದೆ. ಪೊಲೀಸರು ಎಫ್‌ಐಆರ್ ಬರೆಯುವಾಗ ಆ ಸಾಲು ನೆನಪಿಟ್ಟುಕೊಳ್ಳಬೇಕು.

ವಸೂಲಿಯ ನಿಯಮಗಳು ನಿಜಕ್ಕೂ ಚೆನ್ನಾಗಿವೆ, ಮತ್ತು ಪ್ರತಿ ಕಾರ್ಡಿನ ಹಿಂದೆ ಅಚ್ಚಾಗಬೇಕಾದಷ್ಟು ಮುಖ್ಯವಾಗಿವೆ. ಮೈಕ್ರೋಫೈನಾನ್ಸ್ ಸಾಲದಲ್ಲಿ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಇಬ್ಬರೂ ಒಪ್ಪಿದ ಜಾಗದಲ್ಲೇ ವಸೂಲಿ. ಅಲ್ಲಿಗೆ ಸತತ ಎರಡು ಸಲವೋ ಹೆಚ್ಚೋ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ಬೈಗುಳ, ಬೆದರಿಕೆ, ನೆಂಟರಿಗೆ ಸ್ನೇಹಿತರಿಗೆ ಕಿರುಕುಳ, ಬಾಕಿದಾರರ ಹೆಸರು ಪ್ರಕಟಿಸುವುದು ಎಲ್ಲ ನಿಷಿದ್ಧ. ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡವಿಲ್ಲ. ಕಂತು ತಡವಾದರೆ ದಂಡ ತಡವಾದ ಮೊತ್ತಕ್ಕೆ ಮಾತ್ರ, ಇಡೀ ಸಾಲಕ್ಕಲ್ಲ. ಇವೆಲ್ಲಕ್ಕಿಂತ ನನಗೆ ಹೆಚ್ಚೆನಿಸಿದ ಇನ್ನೊಂದು ಸಾಲು ಅದೇ ನಿಯಮದಲ್ಲಿದೆ: ಕಂತು ಕಟ್ಟಲು ಕಷ್ಟಪಡುತ್ತಿರುವವರನ್ನು ಕಂಪನಿ ತಾನೇ ಗುರುತಿಸಿ, ಅವರೊಂದಿಗೆ ಮಾತಾಡಿ, ಅವರಿಗಿರುವ ದಾರಿಗಳನ್ನು ತಿಳಿಸುವ ವ್ಯವಸ್ಥೆ ಇಟ್ಟುಕೊಳ್ಳಬೇಕು. ಹೆರಿಗೆ, ಅಪಘಾತ, ಗಂಡನ ಕೆಲಸ ಹೋದದ್ದು ಇಂಥ ಹೊತ್ತಿನಲ್ಲಿ ಕಂತು ಮುಂದೂಡಿ, ಅವಧಿ ಹೆಚ್ಚಿಸಿ ಎಂದು ಕೇಳಲು ಈ ಸಾಲು ಸಾಕು. ಕೇಳುವುದನ್ನು ಬರಹದಲ್ಲಿ ಕೇಳಬೇಕು, ಕೊಟ್ಟ ಪತ್ರದ ಒಂದು ಪ್ರತಿಗೆ ಬ್ರಾಂಚಿನ ಸೀಲು ಹಾಕಿಸಿಕೊಳ್ಳಬೇಕು.

ಮನೆಯಿಂದ ಹೊರಹಾಕುವ ಪ್ರಕರಣಗಳು ಬೇರೆ ಜಾತಿಯವು. ಬಾಣಂತಿ, ಹಸುಗೂಸು ಸಮೇತ ಬೀದಿಗೆ ಬಂದ ಕುಟುಂಬಗಳ ಚಿತ್ರ ನೋಡಿ ನಾವು ಅದನ್ನೂ ಮೈಕ್ರೋಫೈನಾನ್ಸ್ ಎಂದೇ ಕರೆದೆವು. ಮೈಕ್ರೋಫೈನಾನ್ಸ್ ಸಾಲಕ್ಕೆ ಒತ್ತೆಯೇ ಇಲ್ಲ. ಅದಕ್ಕಾಗಿ ಯಾರಾದರೂ ಮನೆಗೆ ಬೀಗ ಹಾಕಲು ಬಂದರೆ ಅದು ಅಪರಾಧ, ಠಾಣೆಗೆ ಹೋಗಬೇಕು. ಮನೆಯ ಪತ್ರ ಇಟ್ಟು ತೆಗೆದ ಸಾಲವಾದರೆ ಸರ್ಫೇಸಿ ಕಾಯ್ದೆಯ ದಾರಿ. ಅಲ್ಲೂ 60 ದಿನದ ನೋಟಿಸ್ ಬೇಕು, ಅದಕ್ಕೆ ಆಕ್ಷೇಪಣೆ ಬರೆಯುವ ಹಕ್ಕಿದೆ, ಬರೆದರೆ ಕಂಪನಿ ಉತ್ತರ ಕೊಡಬೇಕು. ಕೃಷಿ ಭೂಮಿ ಆ ಕಾಯ್ದೆಯ ಹೊರಗೆ. ಒಂದು ಲಕ್ಷ ದಾಟದ ಬಾಕಿಗೆ ಅದು ಅನ್ವಯಿಸುವುದಿಲ್ಲ. ನೋಟಿಸ್ ಬಂದ ದಿನವೇ ವಕೀಲರನ್ನು ಕಾಣಬೇಕು. ಬಾಗಿಲಿಗೆ ಅಮೀನರು ಬಂದ ಮೇಲೆ ಮಂತ್ರಿಗಳು ಫೋನ್ ಮಾಡಿದರೆ ಒಂದು ಮನೆ ಉಳಿದೀತು, ಉಳಿದ ಮನೆಗಳವರಿಗೆ ಆ ಫೋನ್ ಬರುವುದಿಲ್ಲ.

ಇನ್ನೊಂದು ಕಾಗದ ಹಳ್ಳಿಗಳಲ್ಲಿ ಭಯ ಹುಟ್ಟಿಸುತ್ತದೆ: ಲೋಕ ಅದಾಲತ್ ನೋಟಿಸ್. ಅದರ ಮೇಲೆ ನ್ಯಾಯಾಲಯದ ಹೆಸರು ಕಂಡ ಕೂಡಲೇ ಜೈಲು ಎಂದೇ ತಿಳಿಯುತ್ತಾರೆ. ಅದು ರಾಜಿಗೆ ಕರೆ, ಬಂಧನದ ಆದೇಶ ಅಲ್ಲ. ರಾಜಿಗೆ ಒಪ್ಪುವುದೂ ಬಿಡುವುದೂ ನಮ್ಮಿಷ್ಟ. ಹೋಗುವುದು ಒಳ್ಳೆಯದು, ಹೋಗಿ ಸಾಲದ ಪೂರ್ತಿ ಲೆಕ್ಕ ಕೇಳಬೇಕು, ಬಡ್ಡಿ, ದಂಡ ಬಿಡಿಸಿ ಕಂತು ಮಾಡಿಸಿಕೊಳ್ಳಬಹುದು. ಆದರೆ ಒಪ್ಪಿ ಸಹಿ ಹಾಕಿದ ಮೇಲೆ ಅದು ನ್ಯಾಯಾಲಯದ ಡಿಕ್ರಿಗೆ ಸಮ, ಆಮೇಲೆ ಮೇಲ್ಮನವಿ ಇಲ್ಲ. ಹಾಗಾಗಿ ಆಗದ ಮೊತ್ತಕ್ಕೆ ತಲೆಯಾಡಿಸಿ ಬರಬಾರದು. ಸಾಲ ತೀರಿಸಲಾಗದ್ದು ಸಿವಿಲ್ ವಿಷಯ, ಅದಕ್ಕೆ ಪೊಲೀಸರು ಹಿಡಿದೊಯ್ಯುವುದಿಲ್ಲ. ಎಚ್ಚರ ಬೇಕಾದ್ದು ಚೆಕ್ಕಿನಲ್ಲಿ. ಸಹಿ ಹಾಕಿದ ಖಾಲಿ ಚೆಕ್ ಕೊಟ್ಟರೆ ಅದು ಬೌನ್ಸ್ ಆದಾಗ ಕ್ರಿಮಿನಲ್ ಪ್ರಕರಣವಾಗುತ್ತದೆ. ಬ್ಯಾಂಕ್ ಖಾತೆಯಿಂದ ತಾನೇ ತಾನಾಗಿ ಕಂತು ಕಡಿತವಾಗುವ ವ್ಯವಸ್ಥೆಗೆ ಸಹಿ ಹಾಕಿ ಖಾತೆಯಲ್ಲಿ ಹಣ ಇಲ್ಲದಿದ್ದರೂ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯಲ್ಲಿ ಹಾಗೆಯೇ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಹಕ್ಕು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ, ಸಹಾಯವಾಣಿ 15100.

ಆ್ಯಪ್ ಸಾಲದ ಪಿಡುಗಿನ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬೇಕು. ಇಲ್ಲಿ ಇಷ್ಟು ಹೇಳುತ್ತೇನೆ: ಫೋನಿನಲ್ಲಿರುವ ನಂಬರುಗಳನ್ನು, ಫೋಟೊಗಳನ್ನು ನೋಡಲು ಅನುಮತಿ ಕೇಳುವ ಸಾಲದ ಆ್ಯಪ್ ಆರ್‌ಬಿಐ ನಿಯಮಗಳಿಗೆ ವಿರುದ್ಧವಾಗಿದೆ. ಅನುಮತಿ ಕೊಡಬೇಡಿ, ಆ್ಯಪ್ ತೆಗೆದುಹಾಕಿ. ತಿರುಚಿದ ಫೋಟೊ ಹಿಡಿದು ಬೆದರಿಸಿದರೆ 1930ಕ್ಕೆ ಕರೆ ಮಾಡಿ. ಮರ್ಯಾದೆ ಕಳೆದುಕೊಳ್ಳಬೇಕಾದವರು ಅವರು.

ನೋಂದಾಯಿತ ಕಂಪನಿಯ ಮೇಲೆ ದೂರಿದ್ದರೆ ಮೊದಲು ಕಂಪನಿಗೇ ಬರೆಯಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತಾರದಿದ್ದರೆ, ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 14448ಕ್ಕೆ ಕರೆ ಮಾಡಿ ವಿಚಾರಿಸಬಹುದು, ಚಂಡೀಗಢದಲ್ಲಿರುವ ಕೇಂದ್ರಕ್ಕೆ ಅಂಚೆಯಲ್ಲಿ ಕನ್ನಡದಲ್ಲೇ ಬರೆಯಬಹುದು. ಕಿರುಕುಳ, ಬೆದರಿಕೆಗೆ ಈ ಮೂವತ್ತು ದಿನ ಕಾಯಬೇಕಿಲ್ಲ, ಅದಕ್ಕೆ ಪೊಲೀಸ್ ಠಾಣೆಯೇ ಜಾಗ. ಆದರೆ ಹಾವೇರಿಯ ಹೆಂಗಸರಿಗೆ ಮುಖ್ಯಮಂತ್ರಿಯ ವಿಳಾಸ ಗೊತ್ತಿತ್ತು, ಒಂಬುಡ್ಸ್‌ಮನ್ ವಿಳಾಸ ಗೊತ್ತಿರಲಿಲ್ಲ. ಅದು ಅವರ ದಡ್ಡತನವಲ್ಲ. ಇಪ್ಪತ್ತು ಜನರ ಪ್ರತಿ ಮೀಟಿಂಗಿನಲ್ಲಿ ಕಂಪನಿಯವರು ಶಪಥ ಹೇಳಿಸುತ್ತಾರಲ್ಲ, ಅಲ್ಲೇ ಇದನ್ನೂ ಎರಡು ಸಾಲಿನಲ್ಲಿ ಹೇಳಬಹುದಿತ್ತು.

ಇಷ್ಟೆಲ್ಲ ಆದ ಮೇಲೂ ಒಂದು ಬಾಗಿಲು ಮುಚ್ಚಿಯೇ ಇದೆ. ಎಲ್ಲ ನಿಯಮ ಪಾಲಿಸಿದರೂ ಕೆಲವರಿಗೆ ಸಾಲ ತೀರಿಸಲು ಆಗುವುದೇ ಇಲ್ಲ. ದುಡಿಯುವ ಗಂಡ ಸತ್ತಿರುತ್ತಾನೆ, ಹಸು ಸತ್ತಿರುತ್ತದೆ. ಕಂಪನಿಯೊಂದು ಮುಳುಗಿದರೆ ಅದಕ್ಕೆ 2016ರ ದಿವಾಳಿ ಸಂಹಿತೆ ಇದೆ. ಸಾವಿರಾರು ಕೋಟಿ ಬಾಕಿಯಲ್ಲಿ ದೊಡ್ಡ ಪಾಲನ್ನು ಬಿಟ್ಟುಕೊಟ್ಟು ಬ್ಯಾಂಕುಗಳು ಲೆಕ್ಕ ಮುಗಿಸುತ್ತವೆ. ಅದೇ ಸಂಹಿತೆಯಲ್ಲಿ ಕಡುಬಡವರಿಗೂ ಒಂದು ಅಧ್ಯಾಯವಿದೆ. ವರ್ಷದ ಆದಾಯ 60,000 ಮೀರದವರು, 20,000 ಮೀರಿದ ಆಸ್ತಿ ಇಲ್ಲದವರು, ಸ್ವಂತ ಮನೆ ಇಲ್ಲದವರು, 35,000ದೊಳಗಿನ ಸಾಲದಿಂದ ಬಿಡುಗಡೆ ಕೇಳಿ ಹೊಸದಾಗಿ ಬದುಕು ಶುರು ಮಾಡಲು ಅರ್ಜಿ ಹಾಕಬಹುದು ಎನ್ನುತ್ತದೆ ಅದು. ಕಂಪನಿಗಳ ಭಾಗ ಸಂಹಿತೆ ಬಂದ ವರ್ಷವೇ ಜಾರಿಗೆ ಬಂತು. ಈ ಅಧ್ಯಾಯಕ್ಕೆ ಇನ್ನೂ ದಿನಾಂಕ ಸಿಕ್ಕಿಲ್ಲ.

ಜಾರಿಗೆ ತರಲು ಹೊಸ ಕಾನೂನು ಬೇಕಿಲ್ಲ, ಕೇಂದ್ರ ಸರ್ಕಾರದ ಒಂದು ಅಧಿಸೂಚನೆ ಸಾಕು. ಮೊತ್ತಗಳು ಈಗಿನ ಕಾಲಕ್ಕೆ ತೀರ ಚಿಕ್ಕವಾದವು. ಒಂದೇ ಕಾರ್ಡಿನ ಸಾಲ ಐವತ್ತು ಸಾವಿರ ಇರುವಾಗ 35,000ದ ಮಿತಿಗೆ ಅರ್ಥವಿಲ್ಲ. ಅದಕ್ಕೆ ಸಂಸತ್ತು ತಿದ್ದುಪಡಿ ತರಬೇಕು. ಕರ್ನಾಟಕ ತನ್ನ ಕಾನೂನಿಗಾಗಿ ಆ ಜನವರಿಯಲ್ಲಿ ತೋರಿದ ಅವಸರದ ಅರ್ಧದಷ್ಟನ್ನು ಇದಕ್ಕೆ ತೋರಿ, ನಮ್ಮ ಸಂಸದರು ಪಕ್ಷ ಮರೆತು ದೆಹಲಿಯಲ್ಲಿ ಈ ಪ್ರಶ್ನೆ ಎತ್ತಬೇಕು. ಮಾಂಗಲ್ಯ ಕಳಿಸಿದ ಊರುಗಳ ಪ್ರತಿನಿಧಿಗಳು ಮೊದಲು ಎತ್ತಬೇಕು.